ಹೈ ರಿಸ್ಕ್ ಬಸುರಿನಲ್ಲಿ ಗಂಡ ಮಾಡಬೇಕಾದ ಕೆಲಸ: ಹಂತ ಹಂತವಾಗಿ

ತಾಯಿ ಕಾರ್ಡಿನ ಮೇಲೆ ಹೈ ರಿಸ್ಕ್ ಅನ್ನುವ ಕೆಂಪು ಸ್ಟಿಕ್ಕರ್ ಬಿದ್ದ ದಿನದಿಂದ ಗಂಡಂದಿರು ಓಡಾಡಲು ಶುರು ಮಾಡುತ್ತಾರೆ. ಎಳನೀರು ತರುತ್ತಾರೆ, ದಾಳಿಂಬೆ ತರುತ್ತಾರೆ, ಹರಕೆ ಹೊರುತ್ತಾರೆ. ಆದರೂ ಬಹಳ ಮನೆಗಳಲ್ಲಿ ಎಡವುವುದು ಒಂದೇ ಕಡೆ. ರಾತ್ರಿ ಹನ್ನೊಂದಕ್ಕೆ ಹೆಂಡತಿ "ಯಾಕೋ ತಲೆ ಸಿಡೀತಾ ಇದೆ ರೀ" ಅಂದಾಗ "ಮಲಗು, ಬೆಳಿಗ್ಗೆ ನೋಡೋಣ" ಅನ್ನುತ್ತಾರೆ.

ನಾನೂ ಅಂದಿದ್ದೆ. ಆಗ ನನ್ನ ಹೆಂಡತಿಗೆ 33 ವಾರ. ಒಂದು ಗಂಟೆ ರಾತ್ರಿಗೆ ಅವಳೇ ಎದ್ದು ಕೂತು, "ಕಣ್ಣ ಮುಂದೆ ಏನೋ ಮಿಂಚ್ತಾ ಇದೆ" ಅಂದಳು. ಬಿಪಿ ನೋಡಿದರೆ 168/112. ಬೆಳಗಾಗುವಷ್ಟರಲ್ಲಿ ಆಪರೇಷನ್ ಆಗಿ ಮಗಳು ಹುಟ್ಟಿದ್ದಳು. ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಹನ್ನೊಂದರಿಂದ ಒಂದರವರೆಗಿನ ಆ ಎರಡು ಗಂಟೆ ಈಗಲೂ ನನ್ನನ್ನು ಚುಚ್ಚುತ್ತದೆ.

ನಾನು ಹಾಗೆ ಅಂದದ್ದು ಪ್ರೀತಿ ಕಡಿಮೆಯಾಗಿ ಅಲ್ಲ. ತಲೆನೋವು ಅಂದರೆ ಏನರ್ಥ ಅಂತ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಗೊತ್ತಿರಲಿಲ್ಲ. ಕೆಳಗಿನ ಹಂತಗಳನ್ನು ಅದಕ್ಕೇ ಈ ಕ್ರಮದಲ್ಲಿ ಇಟ್ಟಿದ್ದೇನೆ. ಯೋಚಿಸಬೇಕಾದ್ದನ್ನೆಲ್ಲ ಹಗಲಲ್ಲೇ ಯೋಚಿಸಿಟ್ಟರೆ, ರಾತ್ರಿಗೆ ಉಳಿಯುವುದು ಹೊರಡುವ ಕೆಲಸ ಮಾತ್ರ. ನಿಮ್ಮ ಡಾಕ್ಟರು ಬೇರೆ ಥರ ಹೇಳಿದ್ದರೆ ಅವರ ಮಾತೇ ನಡೆಯಲಿ. ಅವರು ನೋಡುತ್ತಿರುವುದು ನಿಮ್ಮ ಹೆಂಡತಿಯನ್ನು.

ಹಂತ 1: ಯಾವ ಕಾರಣಕ್ಕೆ ಹೈ ರಿಸ್ಕ್ ಅನ್ನುವುದನ್ನು ಬರೆದುಕೊಳ್ಳಿ

"ಸ್ವಲ್ಪ ರಿಸ್ಕ್ ಇದೆಯಂತೆ" ಅನ್ನುವಷ್ಟಕ್ಕೆ ಸಾಕು ಮಾಡಬೇಡಿ. ಹೈ ರಿಸ್ಕ್ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ಬಿಪಿ ಇರಬಹುದು, ಶುಗರ್ ಇರಬಹುದು, ರಕ್ತ ತೀರಾ ಕಡಿಮೆ ಇರಬಹುದು. ಅವಳಿ ಮಕ್ಕಳು, ಮಾಸು (ಪ್ಲಾಸೆಂಟಾ) ಕೆಳಗಿರುವುದು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿರುವುದು, ಮಗುವಿನ ಬೆಳವಣಿಗೆ ಸಾಲದಿರುವುದು, ಹಿಂದೆ ಸಿಸೇರಿಯನ್ ಆಗಿರುವುದು, ನೆಗೆಟಿವ್ ರಕ್ತದ ಗುಂಪು ಎಲ್ಲವೂ ಇದರೊಳಗೇ ಬರುತ್ತವೆ. ಒಂದೊಂದಕ್ಕೂ ನೀವು ಮಾಡಬೇಕಾದ ಕೆಲಸ ಬೇರೆ, ಹೆದರಬೇಕಾದ ಲಕ್ಷಣವೂ ಬೇರೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮುಂದಿನ ಚೆಕಪ್‌ಗೆ ನೀವೂ ಹೋಗಿ. ಹೊರಗೆ ಬೆಂಚಿನ ಮೇಲೆ ಕೂರಬೇಡಿ, ಹೆಂಡತಿಯನ್ನು ಕೇಳಿ ಒಳಗೆ ಹೋಗಿ. ಲೇಬರ್ ವಾರ್ಡಿಗೆ ಗಂಡಸರನ್ನು ಬಿಡದ ಆಸ್ಪತ್ರೆಗಳಲ್ಲೂ ಓಪಿಡಿಯಲ್ಲಿ ಕೇಳಿಕೊಂಡರೆ ಸಾಮಾನ್ಯವಾಗಿ ಬಿಡುತ್ತಾರೆ. ಕೇಳಬೇಕಾದ್ದು ಇಷ್ಟು:

– ರಿಸ್ಕ್ ಯಾವುದು? ಅದರ ಹೆಸರನ್ನು ಈ ಪುಸ್ತಕದಲ್ಲಿ ಬರೆದುಕೊಡ್ತೀರಾ?
– ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಯಾವುದಕ್ಕೆ ಫೋನ್ ಸಾಕು?
– ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಬೇಕು?
– ರೆಸ್ಟ್ ಅಂದರೆ ಎಷ್ಟು? ಮೆಟ್ಟಿಲು ಹತ್ತಬಹುದಾ, ಬಸ್ಸಿನಲ್ಲಿ ಹೋಗಬಹುದಾ, ಗಂಡಹೆಂಡತಿ ಸೇರಬಹುದಾ?
– ಹೆರಿಗೆ ಯಾವ ವಾರದ ಹೊತ್ತಿಗೆ ಆಗಬಹುದು? ಬೇಗ ಆದರೆ ಮಗುವನ್ನು ಇಲ್ಲೇ ನೋಡಿಕೊಳ್ಳಲು ಆಗುತ್ತದಾ?

ನಾಲ್ಕನೆಯದನ್ನು ಕೇಳಲು ನಾಚಿಕೆ ಅನ್ನಿಸುತ್ತದೆ. ಕೇಳಲೇಬೇಕು. ಮಾಸು ಕೆಳಗಿದ್ದವರಿಗೆ ಸೇರುವುದರಿಂದ ರಕ್ತಸ್ರಾವ ಶುರುವಾಗಬಹುದು. ಇದನ್ನು ಹೆಂಡತಿಯ ಬಾಯಿಂದ ಕೇಳಿಸಿಕೊಳ್ಳುವ ಬದಲು ನೀವೇ ಡಾಕ್ಟರ ಹತ್ತಿರ ಕೇಳಿದರೆ, "ಬೇಡ" ಅನ್ನುವ ಹೊರೆ ಹೆಂಡತಿಯ ಮೇಲೆ ಬೀಳುವುದಿಲ್ಲ.

ಸರ್ಕಾರಿ ಆಸ್ಪತ್ರೆಗೆ ತೋರಿಸುತ್ತಿದ್ದರೆ ಪ್ರತಿ ತಿಂಗಳ 9ನೇ ತಾರೀಖು ನೆನಪಿಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ, ನಾಲ್ಕು ತಿಂಗಳು ತುಂಬಿದ ಗರ್ಭಿಣಿಯರಿಗೆ ಆ ದಿನ ಡಾಕ್ಟರೇ ಉಚಿತವಾಗಿ ಪರೀಕ್ಷೆ ಮಾಡುತ್ತಾರೆ. ಕೆಂಪು ಸ್ಟಿಕ್ಕರ್ ಬರುವುದೂ ಅಲ್ಲೇ. ಊರಿನ ಆಶಾ ಕಾರ್ಯಕರ್ತೆಯ ನಂಬರ್ ಅವತ್ತೇ ಫೋನಿಗೆ ಹಾಕಿಕೊಳ್ಳಿ.

ಹಂತ 2: ಆಸ್ಪತ್ರೆ ಮೊದಲು, ತವರು ಆಮೇಲೆ

ನಮ್ಮ ಕಡೆ ಏಳನೇ ತಿಂಗಳಿಗೆ ಸೀಮಂತ, ಅದು ಮುಗಿದ ಮೇಲೆ ಮೊದಲ ಹೆರಿಗೆಗೆ ತವರಿಗೆ ಕಳಿಸುವುದು. ಆರೋಗ್ಯವಾಗಿರುವ ಬಸುರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೈ ರಿಸ್ಕ್ ಇದ್ದಾಗ ಮಾತ್ರ ಲೆಕ್ಕ ತಿರುಗಿಸಬೇಕು. ಮೊದಲು ಆಸ್ಪತ್ರೆ ಗೊತ್ತು ಮಾಡಿ. ಆ ಆಸ್ಪತ್ರೆಗೆ ಹತ್ತಿರ ಯಾರ ಮನೆ ಇದೆಯೋ ಅಲ್ಲಿರಲಿ, ತವರಾಗಲಿ, ಅತ್ತೆ ಮನೆಯಾಗಲಿ, ಬಾಡಿಗೆ ಕೋಣೆಯಾಗಲಿ. ಹೆಂಡತಿಯ ಆಸೆಯನ್ನೂ ಕೇಳಿ. ತವರು ದೂರವಾದರೆ ಅವರ ತಾಯಿಯೇ ಇಲ್ಲಿಗೆ ಬಂದು ಇರಬಹುದು ಅಲ್ವಾ.

ಆಸ್ಪತ್ರೆಯಲ್ಲಿ ನೋಡಬೇಕಾದ್ದು ಟೈಲ್ಸು, ಎಸಿ ರೂಮು ಅಲ್ಲ. ರಾತ್ರಿ ಎರಡು ಗಂಟೆಗೂ ಸಿಸೇರಿಯನ್ ಮಾಡಲು ಡಾಕ್ಟರು, ಅನಸ್ತೇಶಿಯಾ ಕೊಡುವವರು ಇರುತ್ತಾರಾ? ರಕ್ತ ಒಳಗೇ ಸಿಗುತ್ತದಾ, ಹೊರಗಿಂದ ತರಬೇಕಾ? ಎನ್‌ಐಸಿಯು (ಆಗಷ್ಟೇ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ) ಇದೆಯಾ, ಅದರಲ್ಲಿ ವೆಂಟಿಲೇಟರ್ ಇದೆಯಾ, ಎಷ್ಟು ವಾರದ ಮಗುವಿನವರೆಗೆ ಇಟ್ಟುಕೊಳ್ಳುತ್ತಾರೆ? ಇವುಗಳಲ್ಲಿ ಒಂದಕ್ಕೆ "ಇಲ್ಲ" ಅಂದರೂ, ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ. ಆ ಎರಡನೇ ಆಸ್ಪತ್ರೆಗೂ ಒಂದು ಸಲ ಹೋಗಿ ನೋಡಿ ಬನ್ನಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್‌ನಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಗೆ ಸುತ್ತಲ ತಾಲ್ಲೂಕುಗಳಿಂದ ಕಷ್ಟದ ಕೇಸುಗಳು ಬರುತ್ತಲೇ ಇರುತ್ತವೆ. ಹಾಗೆ ಕೊನೇ ಗಳಿಗೆಯಲ್ಲಿ ಹೋಗುವ ಬದಲು ಮೊದಲೇ ಅಲ್ಲಿ ಕಾರ್ಡ್ ಮಾಡಿಸಿಕೊಂಡಿದ್ದರೆ ಒಳ್ಳೆಯದು.

ಮನೆಯಿಂದ ಆಸ್ಪತ್ರೆಗೆ ಒಮ್ಮೆ ರಾತ್ರಿ ಹೊತ್ತು ನೀವೇ ಗಾಡಿ ಓಡಿಸಿಕೊಂಡು ಹೋಗಿ. ಎಷ್ಟು ನಿಮಿಷ ಆಗುತ್ತದೆ ನೋಡಿ. ರೈಲ್ವೆ ಗೇಟ್ ಬೀಳುತ್ತದಾ, ರಾತ್ರಿ ಯಾವ ಗೇಟ್ ತೆರೆದಿರುತ್ತದೆ, ಸ್ಟ್ರೆಚರ್ ಎಲ್ಲಿಂದ ಬರುತ್ತದೆ ತಿಳಿದುಕೊಳ್ಳಿ.

ಇಲ್ಲಿ ಆಗುವ ದೊಡ್ಡ ತಪ್ಪು: ಸೀಮಂತದ ದಿನ ಗೊತ್ತಾಗಿಬಿಟ್ಟಿದೆ, ನೆಂಟರಿಗೆ ಹೇಳಿ ಆಗಿದೆ ಅಂತ ಬಿಪಿ ಏರಿದ ಬಸುರಿಯನ್ನು ಮೂರು ಗಂಟೆ ಕುರ್ಚಿಯಲ್ಲಿ ಕೂರಿಸುವುದು. ಡಾಕ್ಟರು ಆಗಲಿ ಅಂದರೆ ಮನೆಯಲ್ಲೇ, ಅರ್ಧ ಗಂಟೆಯಲ್ಲಿ ಬಳೆ ತೊಡಿಸಿ ಮಡಿಲು ತುಂಬಿ ಮುಗಿಸಿ. ಹಿರಿಯರಿಗೆ ಈ ಮಾತು ಹೇಳಬೇಕಾದವರು ನೀವು, ಹೆಂಡತಿಯಲ್ಲ.

ಹಂತ 3: ಸಾಮಾನು ತಂದಿಡಿ

ಬೇಕಾಗುವುದು ಕಡಿಮೆ. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಿಷನ್ ತನ್ನಿ, ಮಣಿಕಟ್ಟಿನದು ಬೇಡ. ಶುಗರ್ ಇದ್ದರೆ ಗ್ಲುಕೋಮೀಟರ್, ಅವಧಿ ಮುಗಿಯದ ಸ್ಟ್ರಿಪ್. ಥರ್ಮಾಮೀಟರ್, ವಾರದ ಮಾತ್ರೆ ಡಬ್ಬಿ, ದೊಡ್ಡ ಪ್ಯಾಡ್‌ಗಳ ಒಂದು ಪ್ಯಾಕೆಟ್, ಆ ನೋಟ್‌ಬುಕ್. ಬಿಪಿ ಮಿಷನ್ ಕೊಂಡ ಮೇಲೆ ಒಂದು ಸಲ ಆಸ್ಪತ್ರೆಗೆ ಒಯ್ದು, ಅವರ ಮಿಷನ್ ಜೊತೆ ಹೋಲಿಸಿ ನೋಡಿ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ ತನ್ನಿ. ಪಟ್ಟಿ ಚಿಕ್ಕದಾದರೆ ಬಿಪಿಯನ್ನು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ.

ಮಗುವಿನ ಎದೆಬಡಿತ ಕೇಳುವ ಯಂತ್ರ ಆನ್‌ಲೈನಿನಲ್ಲಿ ಸಿಗುತ್ತದೆ. ತರಬೇಡಿ. ಅದರಲ್ಲಿ ತಾಯಿಯದೇ ಬಡಿತ ಕೇಳಿಸಿಕೊಂಡು "ಮಗು ಚೆನ್ನಾಗಿದೆ" ಅಂತ ಮನೆಯಲ್ಲೇ ಉಳಿದುಬಿಡುವ ಅಪಾಯ ಇದೆ.

ಹಂತ 4: ಅಳೆಯುವುದು, ಬರೆಯುವುದು

ಮನೆಯಲ್ಲಿ ಬಿಪಿ ತಪ್ಪಾಗಿ ನೋಡುವವರೇ ಜಾಸ್ತಿ. ನಾನು ಮೊದಲ ವಾರ ಮಾಡಿದ್ದು ಹೀಗೆ: ಅವಳು ಅಡುಗೆ ಮನೆಯಿಂದ ಬಂದು ಕೂತ ಕೂಡಲೇ ಚೂಡಿದಾರದ ತೋಳಿನ ಮೇಲೇ ಪಟ್ಟಿ ಸುತ್ತಿ, "ಇವತ್ತು ಏನು ತಿಂದೆ?" ಅಂತ ಮಾತಾಡಿಸುತ್ತಾ ಗುಂಡಿ ಒತ್ತುತ್ತಿದ್ದೆ. ಬಂದ ಅಂಕಿಗಳಲ್ಲಿ ಒಂದೂ ಸರಿ ಇರಲಿಲ್ಲ.

ಸರಿಯಾದ ಕ್ರಮ:

1. ಮೂತ್ರಕ್ಕೆ ಹೋಗಿ ಬರಲಿ. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಟೀ ಬೇಡ.
2. ಬೆನ್ನಿಗೆ ಒರಗು ಇರುವ ಕುರ್ಚಿ. ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ನೆ ಕೂರಲಿ.
3. ಬರಿ ತೋಳಿಗೆ ಪಟ್ಟಿ. ಮೊಣಕೈಗಿಂತ ಎರಡು ಬೆರಳು ಮೇಲೆ. ಕೈ ಟೇಬಲ್ ಮೇಲಿರಲಿ, ಪಟ್ಟಿ ಎದೆಯ ಮಟ್ಟಕ್ಕೆ ಬರಲಿ. ತಗ್ಗಿದ್ದರೆ ಕೆಳಗೊಂದು ದಿಂಬು.
4. ಮಾತಿಲ್ಲ, ಫೋನಿಲ್ಲ, ಟಿವಿ ಇಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಎರಡನ್ನೂ ಬರೆಯಿರಿ, ಗಂಟೆಯ ಸಮೇತ.

ಎರಡು ಗೆರೆಗಳನ್ನು ನೆನಪಿಡಿ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಅವತ್ತೇ ಡಾಕ್ಟರಿಗೆ ಫೋನ್. 160 ಅಥವಾ 110 ಮುಟ್ಟಿದರೆ ಫೋನಿಗೂ ಕಾಯುವುದಿಲ್ಲ, ಹೊರಡುವುದೇ. ಎರಡರಲ್ಲಿ ಒಂದು ಅಂಕಿ ಏರಿದರೂ ಲೆಕ್ಕಕ್ಕೆ ಬರುತ್ತದೆ. "ಕೆಳಗಿನದು ಪರವಾಗಿಲ್ಲ, ಮೇಲಿನದು ಮಾತ್ರ ಜಾಸ್ತಿ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕಡಿಮೆ ಬರುವ ತನಕ ಏಳೆಂಟು ಸಲ ನೋಡಿ, ಕೊನೆಯದನ್ನು ಮಾತ್ರ ಬರೆಯುವವರಿದ್ದಾರೆ. ಡಾಕ್ಟರಿಗೆ ಬೇಕಿರುವುದು ಚೆಂದದ ಅಂಕಿ ಅಲ್ಲ, ನಿಜವಾದದ್ದು.

ಶುಗರ್‌ಗೆ ಸೋಪು ಹಾಕಿ ಕೈ ತೊಳೆದು, ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಸೇರಿ ಅಂಕಿ ಏರುತ್ತದೆ. ಸಾಮಾನ್ಯವಾಗಿ ಹೇಳುವ ಗುರಿ, ಖಾಲಿ ಹೊಟ್ಟೆಗೆ 95ಕ್ಕಿಂತ ಕಡಿಮೆ, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿಂದ ಅಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

28 ವಾರ ದಾಟಿದ ಮೇಲೆ ಮಗುವಿನ ಓಡಾಟ. ದಿನಾ ಒಂದೇ ಹೊತ್ತಿಗೆ, ಊಟವಾದ ಮೇಲೆ, ಎಡ ಮಗ್ಗುಲಾಗಿ ಮಲಗಿ ಎಣಿಸಲಿ. ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗದಿದ್ದರೆ ಹೊರಡಿ. ಹತ್ತು ಆಗಿದ್ದರೂ "ಯಾಕೋ ದಿನದ ಹಾಗಿಲ್ಲ" ಅಂದರೆ ಆ ಮಾತೇ ಸಾಕು. ಸಿಹಿ ತಿನ್ನಿಸಿ ಕಾದು ನೋಡೋಣ, ತಣ್ಣೀರು ಕುಡಿಸಿ ನೋಡೋಣ ಅಂತ ರಾತ್ರಿ ಕಳೆಯಬೇಡಿ.

ಹಂತ 5: ಮಾತ್ರೆ ಮತ್ತು ಊಟ

ಮಾತ್ರೆಗಳ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು, ಇನ್ನೊಬ್ಬರ ಮಾತು ಕೇಳಿ ನಿಲ್ಲಿಸುವುದು. ಬಿಪಿ ಏರುವ ಸಾಧ್ಯತೆ ಇರುವವರಿಗೆ ರಾತ್ರಿ ಹೊತ್ತು ಚಿಕ್ಕ ಪ್ರಮಾಣದ ಆಸ್ಪಿರಿನ್ ಬರೆದಿರುತ್ತಾರೆ. "ಇದು ಹಾರ್ಟಿನ ಮಾತ್ರೆ ಅಲ್ವಾ, ಬಸುರಿಗೆ ಯಾಕೆ?" ಎಂದು ಯಾರೋ ನೆಂಟರು ಕೇಳಿದ್ದಕ್ಕೆ ಬಿಟ್ಟುಬಿಟ್ಟವರನ್ನು ನಾನು ಕಂಡಿದ್ದೇನೆ. ಬಿಪಿ ಇಳಿಯಿತು ಅಂತ ಬಿಪಿ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯ. ಇಳಿದಿರುವುದು ಮಾತ್ರೆಯಿಂದಲೇ.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ, ನಡುವೆ ಎರಡು ಗಂಟೆಯಾದರೂ ಇರಲಿ. ಕಬ್ಬಿಣದ ಮಾತ್ರೆಯ ಜೊತೆ ಕಾಫಿ, ಟೀ, ಹಾಲು ಬೇಡ. ನಿಂಬೆ ಪಾನಕ ಒಳ್ಳೆಯದು, ಶುಗರ್ ಇದ್ದರೆ ಸಕ್ಕರೆ ಹಾಕದೆ. ಮಲ ಕಪ್ಪಗಾಗುವುದು ಮಾಮೂಲಿ, ಹೆದರಬೇಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಕೇಳಿ ತರುವ ನೋವಿನ ಮಾತ್ರೆ ಬೇಡವೇ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಮಗುವಿಗೆ ತೊಂದರೆ ಮಾಡಬಹುದು.

ಊಟದಲ್ಲಿ ಎರಡು ವಿಷಯ ಮಾತ್ರ ಹೇಳುತ್ತೇನೆ. ಒಂದು, "ಶುಗರ್‌ಗೆ ರಾಗಿ ಒಳ್ಳೆಯದು" ಅಂತ ಎರಡು ದೊಡ್ಡ ಮುದ್ದೆ, ಮೇಲೊಂದು ಲೋಟ ಅಂಬಲಿ ಕೊಡುವುದು. ರಾಗಿಯಲ್ಲೂ ಪಿಷ್ಟ ಇದೆ. ಮುದ್ದೆ ಚಿಕ್ಕದಿರಲಿ, ಜೊತೆಗೆ ಕಾಳು ಸಾರು, ಸೊಪ್ಪಿನ ಪಲ್ಯ, ಮೊಟ್ಟೆ ಅಥವಾ ಮೊಸರು ಜಾಸ್ತಿ ಇರಲಿ. ಎರಡು ಗಂಟೆಯ ಅಂಕಿ ನೋಡಿದರೆ ಯಾವ ಊಟ ಅವರಿಗೆ ಒಗ್ಗುತ್ತದೆ ಅಂತ ವಾರದಲ್ಲೇ ಗೊತ್ತಾಗುತ್ತದೆ. ಎರಡು, ಉಪವಾಸ. ಏಕಾದಶಿ, ವರಮಹಾಲಕ್ಷ್ಮಿ, ಗ್ರಹಣ ಯಾವುದೇ ಇರಲಿ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಮ್ಮನಿಗೆ "ಡಾಕ್ಟರು ಬೇಡ ಅಂದಿದ್ದಾರಮ್ಮ, ಅವಳ ಬದಲು ನಾನು ಉಪವಾಸ ಇರ್ತೀನಿ" ಅನ್ನಿ. ನಮ್ಮ ಮನೆಯಲ್ಲಿ ಈ ಮಾತಿಗೆ ಅಮ್ಮ ಒಪ್ಪಿದರು.

ಕೈಕಾಲು ಊದಿದರೆ "ನಂಜು, ಉಪ್ಪು ಬಿಡು" ಅನ್ನುವವರಿದ್ದಾರೆ. ಬಸುರಿನ ಬಿಪಿ ಉಪ್ಪು ಬಿಟ್ಟ ಮಾತ್ರಕ್ಕೆ ಇಳಿಯುವುದಿಲ್ಲ. ಊತ ಕಂಡ ದಿನ ಬಿಪಿ ನೋಡಿ, ಅದೇ ಸರಿಯಾದ ಕೆಲಸ.

ಹಂತ 6: ರೆಸ್ಟ್, ಮನೆಕೆಲಸ, ಮನೆಗೆ ಬರುವವರು

"ಫುಲ್ ಬೆಡ್ ರೆಸ್ಟ್" ಅನ್ನುವ ಮಾತನ್ನು ಮನೆಯವರೇ ಹುಟ್ಟಿಸಿಬಿಡುತ್ತಾರೆ. ಡಾಕ್ಟರು ಹೇಳದೆ ಯಾರನ್ನೂ ದಿನವಿಡೀ ಮಲಗಿಸಬೇಡಿ. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಕೆಲಸದಲ್ಲಿ "ಏನಾದ್ರೂ ಬೇಕಾ?" ಅಂತ ಕೇಳುವುದು ಸಹಾಯ ಅಲ್ಲ. ಏನು ಬೇಕು ಅಂತ ಯೋಚಿಸುವ ಕೆಲಸ ಆಗಲೂ ಅವರದೇ ಆಗುತ್ತದೆ. ಕೆಲವು ಕೆಲಸಗಳನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ನಾನು ಮೂರು ತೆಗೆದುಕೊಂಡೆ: ಬೆಳಗಿನ ತಿಂಡಿ, ನೀರು ತುಂಬಿಸುವುದು, ಮಾತ್ರೆ ಡಬ್ಬಿ. ಅವಳು ಆ ಮೂರನ್ನು ನೆನಪಿಡಬೇಕಾಗಿಯೇ ಇರಲಿಲ್ಲ. ದೊಡ್ಡ ಮಗು ಇದ್ದರೆ ಅದನ್ನು ಎತ್ತುವುದು, ಮೀಯಿಸುವುದು, ಸ್ಕೂಲಿಗೆ ಬಿಡುವುದು ನಿಮ್ಮ ಪಾಲಿಗೆ ಬರಲಿ.

ನೋಡಲು ಬರುವವರನ್ನು ತಡೆಯುವುದೂ ಗಂಡನ ಕೆಲಸವೇ. "ನಮ್ಮ ಪಕ್ಕದ್ಮನೆ ಹುಡುಗಿಗೂ ಹೀಗೇ ಆಗಿತ್ತು, ಪಾಪ ಮಗು..." ಅಂತ ಶುರು ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. ಆ ಮಾತು ಮುಗಿಯಲು ಬಿಡಬೇಡಿ. "ಅವಳಿಗೆ ಮಲಗುವ ಹೊತ್ತು, ಬನ್ನಿ ಹೊರಗೆ ಕೂರೋಣ" ಅಂತ ಎಬ್ಬಿಸಿಕೊಂಡು ಬನ್ನಿ.

ರಾತ್ರಿ ಹೊತ್ತು ಅವರು ಹೆದರಿ ಅತ್ತರೆ "ಏನೂ ಆಗಲ್ಲ ಬಿಡು" ಅನ್ನಬೇಡಿ. ಏನಾದರೂ ಆಗಬಹುದು ಅಂತ ಅವರಿಗೂ ಗೊತ್ತು. "ಆದ್ರೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿದೆ, ಗಾಡಿ ಇದೆ, ನಾನಿದ್ದೀನಿ" ಅನ್ನಿ. ಭಯ ಬಿಡದೆ ಕಾಡುತ್ತಿದ್ದರೆ, ಅವರಿಗಾಗಲಿ ನಿಮಗಾಗಲಿ, ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದರೆ ರಜೆಯ ಕಾಗದಪತ್ರ ಈಗಲೇ ನೋಡಿಕೊಳ್ಳಿ. ಹೆರಿಗೆ ರಜೆಯ ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಬಸುರಿನಿಂದಲೇ ಬಂದ ಕಾಯಿಲೆಗೆ, ದಿನ ತುಂಬದ ಹೆರಿಗೆಗೆ ಡಾಕ್ಟರ ಸರ್ಟಿಫಿಕೇಟ್ ಕೊಟ್ಟರೆ ಇನ್ನೂ ಒಂದು ತಿಂಗಳವರೆಗೆ ಸಿಗುತ್ತದೆ. ನಿಮ್ಮ ರಜೆಯನ್ನು ಈಗಲೇ ಮುಗಿಸಬೇಡಿ, ಹೆರಿಗೆ ಆದ ಮೇಲೆ ಅದು ಹೆಚ್ಚು ಬೇಕಾಗುತ್ತದೆ.

ಹಂತ 7: ಈ ಲಕ್ಷಣ ಕಂಡರೆ ಬೆಳಿಗ್ಗೆಗೆ ಕಾಯುವ ಹಾಗಿಲ್ಲ

ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ. ಅತ್ತೆ, ಅಮ್ಮ ಓದುವ ಹಾಗೆ ದೊಡ್ಡ ಅಕ್ಷರದಲ್ಲಿ.

– ಬಿಡದ ತಲೆನೋವು, ಕಣ್ಣು ಮಂಜು, ಮಿಂಚು ಕಂಡ ಹಾಗೆ ಆಗುವುದು
– ಬಲಗಡೆ ಪಕ್ಕೆಲುಬಿನ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನೋವು
– ಮುಖ, ಕೈ ಇದ್ದಕ್ಕಿದ್ದಂತೆ ಊದುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು
– ರಕ್ತ ಕಾಣುವುದು, ನೋವಿರಲಿ ಇಲ್ಲದಿರಲಿ; ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುವುದು
– ನೀರು ಹೋಗುವುದು, ಹನಿಹನಿಯಾಗಿ ಆದರೂ
– 37 ವಾರಕ್ಕೆ ಮೊದಲೇ ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಸೊಂಟನೋವು
– ಮಗುವಿನ ಓಡಾಟ ಕಡಿಮೆಯಾಗುವುದು
– ಜ್ವರ, ಫಿಟ್ಸ್, ಪ್ರಜ್ಞೆ ತಪ್ಪುವುದು

ಬಲಗಡೆಯ ಆ ನೋವನ್ನು ಬಹಳ ಜನ ಗ್ಯಾಸ್ ಅಂದುಕೊಳ್ಳುತ್ತಾರೆ. ಸೋಡಾ, ಓಮದ ನೀರು ಕುಡಿಸಿ ಮಲಗಿಸುತ್ತಾರೆ. ಬಿಪಿ ಇರುವವರಲ್ಲಿ ಅದು ಲಿವರ್‌ಗೆ ಪೆಟ್ಟು ಬೀಳುತ್ತಿರುವ ಸೂಚನೆ ಇರಬಹುದು. ಬಸುರಿಯ ಹೊಟ್ಟೆಯ ಮೇಲ್ಭಾಗದ ನೋವಿಗೆ ಮೊದಲು ಬಿಪಿ ಮಿಷನ್, ಓಮದ ನೀರಲ್ಲ. ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸಿದರೆ ಅದನ್ನೂ ಮರುದಿನವೇ ಡಾಕ್ಟರಿಗೆ ಹೇಳಿ. ಅದೂ ಲಿವರ್‌ಗೆ ಸಂಬಂಧಿಸಿದ್ದಿರಬಹುದು.

ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲಿರುವ ಸಾಮಾನು ಸರಿಸಿ. ಕೈಗೆ ಬೀಗದ ಕೈ, ಬಾಯಿಗೆ ಚಮಚ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ.

ನೀರು ಹೋದರೆ ಪ್ಯಾಡ್ ಇಟ್ಟು, ಗಂಟೆ ಎಷ್ಟು, ಬಣ್ಣ ಏನು ಅಂತ ಬರೆಯಿರಿ. ಹಸಿರು ಬಣ್ಣ ಇದ್ದರೆ ಅದನ್ನೇ ಮೊದಲು ಹೇಳಿ. ಹೊಕ್ಕುಳಬಳ್ಳಿಯಂಥದ್ದು ಹೊರಗೆ ಕಂಡರೆ ಮುಟ್ಟಬೇಡಿ. ಮೊಣಕಾಲೂರಿ, ತಲೆ ಕೆಳಗೆ, ಸೊಂಟ ಮೇಲೆ ಬರುವ ಹಾಗೆ ಬಗ್ಗಿಸಿ 108 ಕರೆಯಿರಿ.

ಹಂತ 8: ಹೊರಡುವ ಹೊತ್ತು

ಬ್ಯಾಗು 28 ವಾರಕ್ಕೇ ಸಿದ್ಧವಿರಲಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಈಗಿನ ಮಾತ್ರೆಗಳು, ಆಧಾರ್, ರೇಷನ್ ಕಾರ್ಡ್ ಅಥವಾ ಇನ್ಶೂರೆನ್ಸ್ ಕಾರ್ಡ್, ಆ ನೋಟ್‌ಬುಕ್, ಎರಡು ನೈಟಿ, ಪ್ಯಾಡ್, ಮಗುವಿಗೆ ಒಗೆದ ಹತ್ತಿ ಬಟ್ಟೆ, ಫೋನ್ ಚಾರ್ಜರ್.

"ಆಸ್ಪತ್ರೇಲಿ ಎಷ್ಟೊತ್ತಾಗುತ್ತೋ, ಎರಡು ತುತ್ತು ಉಂಡು ಹೋಗಲಿ" ಅನ್ನುತ್ತಾರೆ. ಬೇಡ. ಆಪರೇಷನ್ ಆಗಬೇಕಾದರೆ ಹೊಟ್ಟೆ ತುಂಬಿರುವುದು ತೊಂದರೆ. ಕೊನೆಯ ಊಟ ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ, ಕೇಳುತ್ತಾರೆ.

ಬಾಗಿಲಲ್ಲೇ ಹೇಳಬೇಕಾದ ಮಾತನ್ನು ಮೊದಲೇ ಬಾಯಿಪಾಠ ಮಾಡಿ: "33 ವಾರ, ಹೈ ರಿಸ್ಕ್, ಬಿಪಿ ಇದೆ. ಒಂದು ಗಂಟೆಗೆ 168/112. ತಲೆನೋವು ಹನ್ನೊಂದು ಗಂಟೆಗೆ ಶುರುವಾಗಿದ್ದು." ಇಷ್ಟು ಹೇಳಿದರೆ ಕೆಲಸ ಶುರುವಾಗುತ್ತದೆ. ನಾನು ಅವತ್ತು "ಇವಳಿಗೆ ಹುಷಾರಿಲ್ಲ ಮೇಡಂ" ಅಂತ ಮಾತ್ರ ಅಂದಿದ್ದೆ. ಅವರು ಒಂದೊಂದನ್ನೇ ಕೇಳಿ ತಿಳಿಯಬೇಕಾಯಿತು.

ಹೆರಿಗೆ ಬೇಗ ಆಗುವ ಹಾಗಿದ್ದರೆ ಮಗುವಿನ ಶ್ವಾಸಕೋಶ ಗಟ್ಟಿಯಾಗಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಪೂರ್ತಿ ಫಲ ಸಿಗಲು ಅದಕ್ಕೆ ಒಂದು ದಿನವಾದರೂ ಬೇಕು. ಬೇಗ ಹೋಗಿ ಅನ್ನುವುದಕ್ಕೆ ಇದೂ ಒಂದು ಕಾರಣ. ಒಂದು ಆಸ್ಪತ್ರೆಯಲ್ಲಿ ಕೊಟ್ಟು ಇನ್ನೊಂದಕ್ಕೆ ಕಳಿಸಿದರೆ ಯಾವ ಇಂಜೆಕ್ಷನ್, ಎಷ್ಟನೆಯದು, ಎಷ್ಟು ಗಂಟೆಗೆ ಅಂತ ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳದೆ ಹೊರಡಬೇಡಿ.

ರಕ್ತಕ್ಕೆ ನಾಲ್ಕು ಜನ ಗೆಳೆಯರನ್ನು ಮೊದಲೇ ಹೇಳಿಟ್ಟಿರಿ. ನಿಮ್ಮದೇ ರಕ್ತವನ್ನು ಹೆಂಡತಿಗೆ ಏರಿಸಿ ಅಂತ ಹಟ ಮಾಡಬೇಡಿ. ಅದರಿಂದ ಮುಂದಿನ ಬಸುರಿಗೆ ತೊಂದರೆ ಆಗಬಹುದು. ನೀವು ಬ್ಲಡ್ ಬ್ಯಾಂಕಿಗೆ ಕೊಡಿ, ಅವರಿಗೆ ಬೇರೆಯವರದು ಬರಲಿ. ಅವರದು ನೆಗೆಟಿವ್ ಗುಂಪು, ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಮರೆಯದೆ ಕೇಳಿ.

ದುಡ್ಡಿನ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಖಾಸಗಿಗೆ ಹೋಗಬೇಕಾಗಿ ಬಂದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿರುವ ಆ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಹಗಲಲ್ಲೇ, ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 9: ಹೆರಿಗೆ ಆದ ಮೇಲೂ ಮಿಷನ್ ಎತ್ತಿಡಬೇಡಿ

ಮಗು ಎನ್‌ಐಸಿಯುನಲ್ಲಿ, ತಾಯಿ ವಾರ್ಡಿನಲ್ಲಿ ಇದ್ದರೆ ನಡುವೆ ಓಡಾಡುವವರು ನೀವೇ. ಎದೆಹಾಲು ಹಿಂಡಿದ್ದನ್ನು ನರ್ಸ್ ಹೇಳಿದ ಡಬ್ಬಿಯಲ್ಲಿ, ತಾಯಿಯ ಹೆಸರು ಮತ್ತು ಗಂಟೆ ಬರೆದು ಒಯ್ಯಿರಿ. ಮೊದಲ ದಿನ ಒಂದು ಸಲಕ್ಕೆ ಒಂದು ಚಮಚದಷ್ಟೂ ಇರದಿರಬಹುದು. "ಇಷ್ಟೇನಾ" ಅನ್ನಬೇಡಿ, ಆ ಗಿಣ್ಣು ಹಾಲಿನ ಒಂದೊಂದು ಹನಿಯೂ ಮಗುವಿಗೆ ಬೇಕು. ಡಾಕ್ಟರು ಒಪ್ಪಿದ ಮೇಲೆ ಮಗುವನ್ನು ಎದೆಗೆ ಒತ್ತಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು. ನನ್ನ ಮಗಳು ಮೊದಲ ಸಲ ನನ್ನ ಅಂಗಿಯೊಳಗೆ ಮಲಗಿದಾಗ ಅವಳ ಪಾದ ನನ್ನ ಹೆಬ್ಬೆರಳಿನಷ್ಟೇ ಉದ್ದ ಇತ್ತು.

ಬಹಳ ಜನ ಕೈಬಿಡುವುದು ಇಲ್ಲೇ. "ಹೆರಿಗೆ ಆಯ್ತಲ್ಲ, ಇನ್ನೇನು ಬಿಪಿ?" ಹಾಗಲ್ಲ. ಹೆರಿಗೆಯಾಗಿ ಮೂರರಿಂದ ಆರನೇ ದಿನದ ಹೊತ್ತಿಗೆ ಬಿಪಿ ಇನ್ನೂ ಏರಬಹುದು. ಅಷ್ಟರಲ್ಲಿ ಡಿಸ್ಚಾರ್ಜ್ ಆಗಿ ಮನೆಗೆ ಬಂದಿರುತ್ತಾರೆ. ತಲೆನೋವು, ಕಣ್ಣು ಮಂಜು, ಫಿಟ್ಸ್ ಆರು ವಾರದವರೆಗೂ ಬರಬಹುದು. ಬಾಣಂತಿ ಕೋಣೆಯಲ್ಲಿ ಬಿಪಿ ಮಿಷನ್ ಇರಲಿ, ದಿನಾ ನೋಡಿ, ಅದೇ ಪುಸ್ತಕದಲ್ಲಿ ಬರೆಯಿರಿ. ಒಂದು ಗಂಟೆಯಲ್ಲಿ ಎರಡು ದೊಡ್ಡ ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ಜ್ವರ ಬಂದರೆ, ವಾಸನೆಯ ಸ್ರಾವ ಇದ್ದರೆ ತಕ್ಷಣ ಆಸ್ಪತ್ರೆ.

ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅನ್ನುವ ಮನೆಗಳಿವೆ. ಹಾಲೂಡಿಸುವವರಿಗೆ ಬಾಯಾರಿಕೆ ಆದಾಗಲೆಲ್ಲ ನೀರು ಬೇಕು. ಬಿಸಿನೀರೇ ಕೊಡಲಿ, ಆದರೆ ಕೊಡಲಿ. ಒಂದು ಫ್ಲಾಸ್ಕ್ ತುಂಬಿ ಅವರ ಕೈಗೆ ಸಿಗುವ ಹಾಗೆ ಇಟ್ಟುಬಿಡಿ.

ಮೊದಲ ವಾರ ಸುಮ್ನೆ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗು ಮಲಗಿದರೂ ಅವರಿಗೆ ನಿದ್ದೆ ಬರದಿದ್ದರೆ, "ನನ್ನಿಂದಲೇ ಹೀಗಾಯ್ತು" ಅಂತ ಪದೇ ಪದೇ ಹೇಳುತ್ತಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಅಂದರೆ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಹೋಗಿ.

ಆರು ವಾರದ ಚೆಕಪ್‌ಗೆ ಮಗುವನ್ನು ಮಾತ್ರ ಕರೆದುಕೊಂಡು ಹೋಗಿ ಬರುವವರು ಜಾಸ್ತಿ. ತಾಯಿಗೂ ಆ ಭೇಟಿ ಇದೆ. ಬಸುರಿನಲ್ಲಿ ಶುಗರ್ ಇದ್ದವರಿಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಅವತ್ತೇ ಆಗಲಿ. ಬಿಪಿ ಮಾತ್ರೆ ಮುಂದುವರಿಸಬೇಕಾ ಕೇಳಿ. ಈ ಸಲ ಏನಾಯಿತು, ಎಷ್ಟನೇ ವಾರಕ್ಕೆ, ಯಾಕೆ ಆಪರೇಷನ್ ಅನ್ನುವುದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಡಾಕ್ಟರಿಂದಲೇ ಬರೆಸಿಕೊಳ್ಳಿ. ಮುಂದೆ ಇನ್ನೊಂದು ಮಗು ಬೇಕು ಅನ್ನಿಸಿದರೆ ಮೊದಲ ಭೇಟಿಗೇ ಆ ಪುಟ ಬೇಕು. ಬಿಪಿ ತಡೆಯಲು ಕೊಡುವ ಆಸ್ಪಿರಿನ್ ಹದಿನಾರು ವಾರದೊಳಗೇ ಶುರುವಾದರೆ ಒಳ್ಳೆಯದು.